ಪಕ್ಕದ ಚಕ್ರ ಎಷ್ಟು ನೆಲ ಮುಟ್ಟಬೇಕು?

ಸೋದರಿಯರೇ, ಅಡುಗೆ, ಹೊಲಿಗೆಗಳ ನಡುವೆ ಇದೇನು ಸ್ಕೂಟರಿನ ವಿಚಾರ ಎಂದು ಹುಬ್ಬೇರಿಸಬೇಡಿ. ಒಂದು ಮಿಕ್ಸಿ ಕೊಳ್ಳುವುದಕ್ಕೆ ನಾವು ಎಷ್ಟು ಅಂಗಡಿ ಸುತ್ತುತ್ತೇವೆ, ಎಷ್ಟು ಪ್ರಶ್ನೆ ಕೇಳುತ್ತೇವೆ! ಜಾರು ಎಷ್ಟು, ಬ್ಲೇಡು ಗಟ್ಟಿಯೇ, ಉದ್ದಿನಬೇಳೆ ರುಬ್ಬಿದರೆ ಬಿಸಿಯಾಗುತ್ತದೆಯೇ, ಕೆಟ್ಟರೆ ರಿಪೇರಿ ಎಲ್ಲಿ? ಆದರೆ ಕಾಲಿನ ಬಲ ಕಡಿಮೆಯಿರುವ ಮಗಳೋ ತಂಗಿಯೋ ಮನೆಯಲ್ಲಿದ್ದು, ಅವಳ ಸ್ಕೂಟರಿಗೆ ಪಕ್ಕದ ಚಕ್ರ ಹಾಕಿಸುವ ದಿನ ಬಂತೆಂದರೆ, ಬಹಳ ಮನೆಗಳಲ್ಲಿ ಗಂಡಸರು ಹೋಗಿ ಹಾಕಿಸಿಕೊಂಡು ಬರುತ್ತಾರೆ. ಅದರ ಮೇಲೆ ಕೂತು ಹೋಗಬೇಕಾದವಳನ್ನು ಯಾರೂ ಕೇಳುವುದಿಲ್ಲ. ಆ ಗಾಡಿಯನ್ನು ಆರಿಸುವುದೂ ಹದ ಮಾಡಿಸುವುದೂ ಮಿಕ್ಸಿಗಿಂತ ಕಷ್ಟವೇನಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹೊಸಕೋಟೆ ತಾಲ್ಲೂಕಿನ ನಂದಗುಡಿ. ದೊಡ್ಡ ರಸ್ತೆಗೆ ಡಾಂಬರು ಬಂದು ಎಷ್ಟೋ ಕಾಲವಾಯಿತು. ಆದರೆ ನಮ್ಮಂಥ ತೋಟದ ಮನೆಗಳಿಗೆ ಬರುವ ದಾರಿ ಇವತ್ತಿಗೂ ಕೆಮ್ಮಣ್ಣೇ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ಧೂಳು. ಮಳೆ ಹಿಡಿಯಿತೆಂದರೆ ರಾಗಿ ಹಿಟ್ಟಿಗೆ ನೀರು ಹೆಚ್ಚಾದ ಹಾಗೆ ಅಂಟು ಅಂಟು ಕೆಸರು. ಚಪ್ಪಲಿ ಹಾಕಿಕೊಂಡು ಹೋದರೆ ಚಪ್ಪಲಿ ಅಲ್ಲೇ, ಕಾಲು ಇಲ್ಲಿ!

ನಮ್ಮ ಮನೆಯಲ್ಲಿ ನನ್ನ ನಾದಿನಿ ಇದ್ದಾಳೆ. ಎರಡು ವರ್ಷದ ಕೂಸಾಗಿದ್ದಾಗ ಜ್ವರ ಬಂದು ಬಲಗಾಲಿನ ಶಕ್ತಿ ಹೋಯಿತಂತೆ. ಪಲ್ಸ್ ಪೋಲಿಯೋ ಹನಿ ಹಾಕುವುದು ನಮ್ಮ ದೇಶದಲ್ಲಿ ಶುರುವಾದದ್ದು 1995ರಲ್ಲಿ. ಅವಳು ಹುಟ್ಟಿದ್ದು ಅದಕ್ಕೆ ಬಹಳ ಮೊದಲು. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದು. 2014ರ ಮಾರ್ಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮಗೆ ಪೋಲಿಯೋ ಇಲ್ಲವೆಂದು ಪ್ರಮಾಣಪತ್ರ ಕೊಟ್ಟಿತು. ನಮ್ಮ ಮಕ್ಕಳಿಗೆ ಆ ಹೆದರಿಕೆ ತಪ್ಪಿತು, ದೇವರ ದಯೆ. ಆದರೆ ಅದಕ್ಕೆ ಮುಂಚೆ ಹುಟ್ಟಿ, ಈಗ ನಲವತ್ತರ ಆಚೀಚೆ ಇರುವವರು ಊರೂರಲ್ಲೂ ಇದ್ದಾರಲ್ಲ, ಅವರು ಓಡಾಡಬೇಡವೇ?

ನಾದಿನಿ ಹೊಲಿಗೆಯಲ್ಲಿ ಕೈಚಳಕದವಳು. ಅವಳು ಹೊಲಿದ ರವಿಕೆ ಎಂದರೆ ನಮ್ಮ ಸುತ್ತಿನ ಹೆಂಗಸರಿಗೆ ಬೇರೆ ಬೇಡ. ಆದರೆ ಲೈನಿಂಗ್ ಬಟ್ಟೆ, ದಾರ, ಹುಕ್ಕು ತರಲು ಹೊಸಕೋಟೆಗೆ ಹೋಗಬೇಕು. ಹೊಲಿದದ್ದನ್ನು ಹಬ್ಬಕ್ಕೆ ಮುಂಚೆ ತಲುಪಿಸಬೇಕು. ಇಪ್ಪತ್ತು ವರ್ಷ ಇದಕ್ಕೆಲ್ಲ ಅವಳ ಗಡಿಯಾರ ಒಂದೇ: "ಅಣ್ಣನಿಗೆ ಬಿಡುವಾದಾಗ." ನಮ್ಮ ಯಜಮಾನರು ಒಂದು ದಿನವೂ ಗೊಣಗಿದವರಲ್ಲ. ಆದರೂ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದು ಮೇಯುತ್ತಿರುವಾಗ, ಸೊಪ್ಪು ಕೊಯ್ಯುವ ಕೆಲಸ ಬಿಟ್ಟು ಬಾ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹೊಲಿದ ಬಟ್ಟೆ ಮನೆಯಲ್ಲೇ ಉಳಿಯುತ್ತಿತ್ತು. ಕಾದು ಸಾಕಾದವರು ಬೇರೆ ಕಡೆ ಹೋಗುತ್ತಿದ್ದರು.

ಕೊನೆಗೆ ಅವಳೇ ಸಂಘದಲ್ಲಿ ಸಾಲ ತೆಗೆದು, ಕೂಡಿಟ್ಟದ್ದನ್ನೂ ಸೇರಿಸಿ ಒಂದು ಗೇರಿಲ್ಲದ ಸ್ಕೂಟರು ಕೊಂಡಳು. ಅದಕ್ಕೆ ಒಬ್ಬರು ಪಕ್ಕದ ಚಕ್ರ ಹಾಕಿ ಕೊಟ್ಟರು. ಅಂಗಡಿಯ ಮುಂದಿನ ಡಾಂಬರು ಬೀದಿಯಲ್ಲಿ ಗಾಡಿ ಬೆಣ್ಣೆಯ ಹಾಗೆ ಓಡಿತು. ಎಲ್ಲರೂ ಭೇಷ್ ಎಂದರು. ಮೊದಲ ಮಳೆ ಬಂದ ವಾರ, ನಮ್ಮ ನೀಲಗಿರಿ ತೋಪಿನ ಪಕ್ಕದಲ್ಲಿ ನಿಂತುಬಿಟ್ಟಿತು. ಎಂಜಿನ್ನು ಭೋರ್ ಎನ್ನುತ್ತದೆ, ಹಿಂದಿನ ಚಕ್ರ ಗಿರಗಿರ ಸುತ್ತುತ್ತದೆ, ಗಾಡಿ ಮಾತ್ರ ಒಂದು ಗೇಣೂ ಮುಂದೆ ಹೋಗದು. ಇಳಿದು ತಳ್ಳೋಣವೆಂದರೆ ಅವಳಿಗೆ ಆಗುವ ಕೆಲಸವೇ? ಆ ಕಡೆ ಬಂದ ಇಬ್ಬರು ಹುಡುಗರು ಎತ್ತಿ ಈಚೆಗಿಟ್ಟರು. ಅದೇ ವಾರದಲ್ಲಿ ಮತ್ತೆರಡು ಸಲ ಹೀಗೇ ಆಯಿತು. "ಅತ್ತಿಗೆ, ಇದೂ ನನ್ನ ಕಾಲಿನ ಹಾಗೇ ಆಯ್ತು, ಮಾರಿಬಿಡಾಣ" ಅಂದಳು. ಸಾಲದ ಕಂತು ಇನ್ನೂ ಪೂರ್ತಿ ಬಾಕಿಯಿತ್ತು.

ಯಾಕೆ ಹೀಗಾಯಿತು ಎನ್ನುವುದನ್ನು ಒಂದು ಸಲ ತಿಳಿದುಕೊಂಡರೆ ಆಮೇಲೆ ಯಾರೂ ನಿಮ್ಮನ್ನು ಏಮಾರಿಸಲಾರರು. ಪಕ್ಕದ ಚಕ್ರದ ಕಿಟ್ಟು ಎಂದರೆ, ಗಾಡಿಯ ಕೆಳಗೆ ಚಾಸಿಗೆ ಬಿಗಿದ ಒಂದು ಅಡ್ಡ ಕಬ್ಬಿಣ, ಅದರ ಎರಡು ತುದಿಗೆ ಒಂದೊಂದು ತೋಳು, ತೋಳಿಗೆ ಒಂದೊಂದು ಚಕ್ರ. ಎಂಜಿನ್ನಿನ ಶಕ್ತಿ ಈ ಚಕ್ರಗಳಿಗೆ ಹೋಗುವುದಿಲ್ಲ. ಮೊದಲಿನಿಂದ ಇದ್ದ ನಡುವಿನ ಹಿಂಚಕ್ರಕ್ಕೇ ಹೋಗುತ್ತದೆ. ಪಕ್ಕದವು ಗಾಡಿ ಬೀಳದ ಹಾಗೆ ಆಸರೆ ಕೊಡುತ್ತವೆ, ಅಷ್ಟೇ. ಈಗ ನಮ್ಮ ಮಣ್ಣಿನ ದಾರಿ ನೋಡಿ. ಮಳೆಯಲ್ಲಿ ಮೋಟಾರು ಬೈಕುಗಳೆಲ್ಲ ಒಂದೇ ಜಾಡಿನಲ್ಲಿ ಹೋಗಿ ಹೋಗಿ ಒಂದು ಕಾಲುವೆಯಂಥ ಗೀರು ಬೀಳುತ್ತದೆ. ನಡುವಿನ ಚಕ್ರ ಆ ಗೀರಿಗೆ ಇಳಿಯುತ್ತದೆ, ಪಕ್ಕದ ಚಕ್ರಗಳು ಎರಡು ಬದಿಯ ದಿಣ್ಣೆ ಹತ್ತುತ್ತವೆ. ಪಕ್ಕದವನ್ನು ತಗ್ಗಿಸಿ, ಅಲುಗಾಡದಂತೆ ಬಿಗಿದಿದ್ದರೆ ಗಾಡಿಯ ಭಾರವೆಲ್ಲ ಅವುಗಳ ಮೇಲೆ ಕೂರುತ್ತದೆ. ನಡುವಿನ ಚಕ್ರ ತೊಟ್ಟಿಲ ಕೂಸಿನ ಹಾಗೆ ನೇತಾಡುತ್ತದೆ. ನೆಲದ ಮೇಲೆ ಭಾರ ಬೀಳದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಹಿಂದಿನ ಬ್ರೇಕೂ ಆ ಚಕ್ರಕ್ಕೇ ಇರುವುದರಿಂದ ಬ್ರೇಕೂ ಸರಿಯಾಗಿ ಹಿಡಿಯದು. ಇದು ಬರೀ ತೊಂದರೆಯಲ್ಲ, ಅಪಾಯ.

ಇದು ನಮ್ಮ ಕೆಸರಿನ ಗೋಳು ಮಾತ್ರವಲ್ಲ. ನಮ್ಮಣ್ಣನ ಮಗ ಕೆನಡಾದಲ್ಲಿದ್ದಾನೆ. ಫೋನಿನಲ್ಲಿ ಈ ಕಥೆ ಹೇಳಿದಾಗ ಅವನು ಅಲ್ಲಿನ ಹಿಮದ ಬೈಕುಗಳ ಚಿತ್ರ ಕಳಿಸಿದ. ಮೋಟಾರು ಬೈಕಿನ ಮುಂದಿನ ಚಕ್ರ ತೆಗೆದು ಒಂದು ದೊಡ್ಡ ಜಾರುಹಲಗೆ ಹಾಕುತ್ತಾರೆ. ಹಿಂಚಕ್ರದ ಜಾಗಕ್ಕೆ ಯುದ್ಧದ ಟ್ಯಾಂಕಿಗೆ ಇರುತ್ತದಲ್ಲ, ಅಂಥ ರಬ್ಬರಿನ ಪಟ್ಟಿ. ಅಮೆರಿಕದ ಐಡಾಹೋ ರಾಜ್ಯದ ಟಿಂಬರ್‌ಸ್ಲೆಡ್ ಎಂಬ ಕಂಪನಿ ಇಂಥ ಕಿಟ್ಟುಗಳಿಗೆ ಹೆಸರಾಯಿತು. 2015ರಲ್ಲಿ ಪೊಲಾರಿಸ್ ಎಂಬ ದೊಡ್ಡ ಕಂಪನಿ ಅದನ್ನು ಕೊಂಡುಕೊಂಡಿತು. ಪಟ್ಟಿಯ ಸುತ್ತಳತೆ 120 ಇಂಚಿನದೂ ಉಂಟು, 137 ಇಂಚಿನದೂ ಉಂಟು. ಉದ್ದದ್ದು ಆಳದ ಹಿಮದಲ್ಲಿ ಮುಳುಗದೆ ತೇಲುತ್ತದೆ, ಚಿಕ್ಕದ್ದು ಸಲೀಸಾಗಿ ತಿರುಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಕೊಂಡರೆ ಸಾಲದು, ಸವಾರನ ತೂಕಕ್ಕೆ ಸ್ಪ್ರಿಂಗು ಹದ ಮಾಡಬೇಕು. ಭಾರ ಜಾರುಹಲಗೆಯ ಮೇಲೆ ಹೆಚ್ಚು ಬಿದ್ದರೆ ಪಟ್ಟಿಗೆ ಹಿಡಿತ ಸಾಲದು. ಹಿಂದಕ್ಕೆ ಹೆಚ್ಚು ಬಿದ್ದರೆ ಮುಂಭಾಗ ಹಗುರಾಗಿ ಹ್ಯಾಂಡಲ್ಲಿನ ಮಾತು ಕೇಳದು. "ಅತ್ತೆ, ನಿಮ್ಮ ಕೆಸರೂ ನಮ್ಮ ಹಿಮವೂ ಒಂದೇ ಲೆಕ್ಕ, ತಳ್ಳುವ ಚಕ್ರದ ಮೇಲೆ ಭಾರ ಇರಬೇಕು" ಎಂದ. ಅಲ್ಲಿ ಅದು ಹೆಚ್ಚಾಗಿ ಮೋಜಿನ ಸವಾರಿ. ನಮ್ಮಲ್ಲಿ ಹೊಟ್ಟೆಪಾಡು. ಲೆಕ್ಕ ಮಾತ್ರ ಒಂದೇ.

ಗಾಡಿ ಮಾರುವ ಮೊದಲು ಇನ್ನೊಬ್ಬರಿಗೆ ತೋರಿಸೋಣವೆಂದು ಚಿಂತಾಮಣಿ ಕಡೆಯ ಒಬ್ಬ ಮೇಸ್ತ್ರಿಯನ್ನು ಕರೆಸಿದೆವು. ಅವರು ಮಾಡಿದ ಮೊದಲ ಕೆಲಸವೇ ನನಗೆ ಹಿಡಿಸಿತು. ಸ್ಪ್ಯಾನರು ಮುಟ್ಟುವ ಮೊದಲು, "ಅಮ್ಮಾ, ನೀವು ದಿನಾ ಒಯ್ಯೋ ಚೀಲದ ಸಮೇತ ಹತ್ತಿ ಕೂತ್ಕೊಳಿ" ಎಂದು ನಾದಿನಿಗೆ ಹೇಳಿದರು. ಅವಳು ಹೇಗೆ ಹತ್ತುತ್ತಾಳೆ, ಯಾವ ಕಡೆಗೆ ಭಾರ ಬಿಡುತ್ತಾಳೆ ಎಂದು ನೋಡಿದರು. ಆಮೇಲೆ ನಮ್ಮ ದಾರಿಯನ್ನು ನಡೆದು ನೋಡಿ ಬಂದರು. ಬಿಗಿ ತೋಳಿನ ಜಾಗಕ್ಕೆ ಷಾಕ್ ಅಬ್ಸಾರ್ಬರ್ ಇರುವ ತೋಳು ಹಾಕಿ, ಪಕ್ಕದ ಚಕ್ರಗಳನ್ನು ಒಂದಿಷ್ಟು ಮೇಲೆತ್ತಿದರು. ದಿಣ್ಣೆ ಸಿಕ್ಕರೆ ಈಗ ಪಕ್ಕದ ಚಕ್ರ ತಾನೇ ಮೇಲೆ ಸರಿಯುತ್ತದೆ, ನಡುವಿನ ಚಕ್ರ ನೆಲ ಬಿಡುವುದಿಲ್ಲ. ಸ್ಪ್ರಿಂಗು ತೀರಾ ಮೆತ್ತಗೂ ಇರಬಾರದಂತೆ. ಹತ್ತುವಾಗ ಒಂದೇ ಕಡೆ ಭಾರ ಬಿದ್ದರೆ ಗಾಡಿ ವಾಲುತ್ತದೆ, ತಿರುವಿನಲ್ಲಿ ತೂಗಾಡುತ್ತದೆ. ದೋಸೆ ಹಿಟ್ಟಿನ ಹದದ ಹಾಗೆ, ಗಟ್ಟಿಯೂ ಅಲ್ಲ, ನೀರೂ ಅಲ್ಲ. ಎರಡು ಮೂರು ಸಲ ತಿರುಗಿಸಿ, ಓಡಿಸಿ, ಮತ್ತೆ ತಿರುಗಿಸಿ ಹದಕ್ಕೆ ತಂದರು.

ನೀವೇ ಮನೆಯಂಗಳದಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಒಂದಿಂಚು ದಪ್ಪದ ಎರಡು ಹಲಗೆ ತೆಗೆದುಕೊಳ್ಳಿ, ಎರಡೂ ಒಂದೇ ದಪ್ಪ ಇರಲಿ. ಮಟ್ಟಸವಾದ ನೆಲದಲ್ಲಿ ಎರಡು ಪಕ್ಕದ ಚಕ್ರಗಳನ್ನು ಹಲಗೆಯ ಮೇಲೆ ಹತ್ತಿಸಿ ನಿಲ್ಲಿಸಿ. ಓಡಿಸುವವರೇ ಕೂತಿರಲಿ, ಮುಂದೆ ಯಾರೂ ನಿಲ್ಲದಿರಲಿ. ನಿಧಾನವಾಗಿ ಆಕ್ಸಲರೇಟರ್ ಕೊಟ್ಟಾಗ ಗಾಡಿ ಸಲೀಸಾಗಿ ಮುಂದೆ ಬಂದರೆ ಸರಿ. ನಡುವಿನ ಚಕ್ರ ನಿಂತಲ್ಲೇ ಸುತ್ತಿದರೆ, ಪಕ್ಕದ ಚಕ್ರಗಳನ್ನು ಎತ್ತಿಸಬೇಕು ಇಲ್ಲವೇ ಸ್ಪ್ರಿಂಗು ಸಡಿಲಿಸಬೇಕು. ಹಲಗೆ ತೆಗೆದ ಮೇಲೆ ಹಿಂದೆ ನಿಂತು ನೋಡಿ, ಗಾಡಿ ಒಂದು ಕಡೆಗೆ ಬಾಗಿದ್ದರೆ ಎರಡು ಬದಿಯ ಹದ ಒಂದೇ ಇಲ್ಲವೆಂದು ಅರ್ಥ. ಗಾಳಿಯ ಒತ್ತಡವೂ ಎರಡು ಪಕ್ಕದ ಚಕ್ರಕ್ಕೆ ಸಮ ಇರಬೇಕು, ನಡುವಿನದಕ್ಕೆ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು.

ಹೊಸದಾಗಿ ಕಿಟ್ಟು ಆರಿಸುವವರು ಇನ್ನೂ ಕೆಲವನ್ನು ನೋಡಿಕೊಳ್ಳಿ. ಗಾಡಿ ಗೇರಿಲ್ಲದ್ದೇ ಆಗಲಿ. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಗೇರು ಬದಲಿಸುವ, ಕಿಕ್ಕು ಹೊಡೆಯುವ ಕಷ್ಟ ತಪ್ಪಿತು. ಈಗಿನ ಗೇರಿಲ್ಲದ ಗಾಡಿಗಳಲ್ಲಿ ಎರಡು ಬ್ರೇಕೂ ಕೈಯಲ್ಲೇ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಒಳಗಿನ ಹೊಸ ಗಾಡಿಗಳಿಗೆ ಮುಂದಿನ ಹಿಂದಿನ ಬ್ರೇಕು ಜೊತೆಯಾಗಿ ಹಿಡಿಯುವ ಏರ್ಪಾಡು ಇರಲೇಬೇಕೆಂದು ಕಡ್ಡಾಯವಾಯಿತು. ಕಾಲಿನ ಬಲವಿಲ್ಲದವರಿಗೆ ಇದು ದೊಡ್ಡ ಉಪಕಾರ.

ಕಿಟ್ಟಿನ ಅಡ್ಡ ಕಬ್ಬಿಣ ಗಾಡಿಯ ಹೊಟ್ಟೆಗಿಂತ ಕೆಳಗೆ ಜೋತಿರಬಾರದು, ಕೆಸರು ಬಾಚುತ್ತದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಧಾರಾಳವಾಗಿ ಜಾಗವಿರಲಿ. ನಮ್ಮ ಕೆಮ್ಮಣ್ಣು ಅಲ್ಲಿ ಮೆತ್ತಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ. ನಿಲ್ಲಿಸಿದಾಗ ಬ್ರೇಕು ಹಿಡಿದಿಡುವ ಕೊಂಡಿ ಬೇಕೇ ಬೇಕು. ಹತ್ತುವ ಹೊತ್ತಿನಲ್ಲಿ ಗಾಡಿ ಉರುಳಿದರೆ ಏನು ಗತಿ? ಊರುಗೋಲು ಸಿಕ್ಕಿಸುವ ಜಾಗ ಇರಲಿ, ಕೈಗೆ ಎಟುಕುವ ಕಡೆಗೇ ಇರಲಿ. ಕಾಲಿನಿಂದ ಹಿಂದಕ್ಕೆ ತಳ್ಳಿಕೊಳ್ಳಲಾಗದವರಿಗೆ ರಿವರ್ಸ್ ಏರ್ಪಾಡು ಇದ್ದರೆ ಬಹಳ ಒಳ್ಳೆಯದು. ಬೇರೆ ಖರ್ಚಿನಲ್ಲಿ ಹಿಡಿದಾದರೂ ಅದಕ್ಕೆ ಹಣ ಹಾಕಿ. ಕೊಳ್ಳುವ ಮೊದಲು ನಿಮ್ಮ ಗೇಟನ್ನೂ ಗಾಡಿಯ ಅಗಲವನ್ನೂ ಟೇಪು ಹಿಡಿದು ಅಳೆಯಿರಿ. ಟೇಪು ನಮ್ಮ ಹೊಲಿಗೆ ಡಬ್ಬಿಯಲ್ಲೇ ಇರುತ್ತದಲ್ಲ!

ಓಡಿಸುವ ರೀತಿಯೂ ಬೇರೆ. ಎರಡು ಚಕ್ರದ ಗಾಡಿ ತಿರುವಿನಲ್ಲಿ ತಾನೇ ಒಳಕ್ಕೆ ಬಾಗುತ್ತದೆ. ಇದು ಬಾಗದು, ವೇಗ ಹೆಚ್ಚಿದ್ದರೆ ಹೊರಕ್ಕೆ ವಾಲುತ್ತದೆ. ಆದುದರಿಂದ ತಿರುವು ಬರುವ ಮೊದಲೇ ನಿಧಾನ ಮಾಡಬೇಕು, ಮೈಯನ್ನು ಒಳಗಡೆಗೆ ಬಾಗಿಸಬೇಕು. ಹಂಪನ್ನು ನೇರವಾಗಿ ದಾಟಬೇಕು, ಓರೆಯಾಗಿ ಬೇಡ. ಕೆಸರಿನಲ್ಲಿ ಬೈಕಿನ ಗೀರು ಬಿಟ್ಟು ಪಕ್ಕದ ಗಟ್ಟಿ ನೆಲ ಹಿಡಿಯಬೇಕು. ಸಿಕ್ಕಿಕೊಂಡರೆ ಆಕ್ಸಲರೇಟರ್ ಜೋರು ಮಾಡಿದಷ್ಟೂ ಚಕ್ರ ಗುಂಡಿ ತೋಡುತ್ತದೆ, ಸಾವಕಾಶವಾಗಿ ಕೊಡಬೇಕು. ನಾದಿನಿ ನಮ್ಮ ರಾಗಿ ಕಣದಲ್ಲಿ ಹದಿನೈದು ದಿನ ಎಂಟು ಹಾಕಿ ಹಾಕಿ ಕಲಿತಳು. ಸುತ್ತಲೂ ಮಕ್ಕಳ ಜಾತ್ರೆ!

ಕಾಗದಪತ್ರದ ಕೆಲಸವನ್ನು ಅಲಕ್ಷ್ಯ ಮಾಡಬೇಡಿ. ಹೀಗೆ ಮಾರ್ಪಟ್ಟ ಗಾಡಿಗೆ ಮೊದಲು ಕಾನೂನಿನಲ್ಲಿ ಅಶಕ್ತರ ಗಾಡಿ ಎಂಬರ್ಥದ ಹೆಸರಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ಅದನ್ನು ತೆಗೆದು 'ಅಡಾಪ್ಟೆಡ್ ವೆಹಿಕಲ್', ಅಂದರೆ ಹೊಂದಿಸಿಕೊಂಡ ವಾಹನ, ಎಂದು ಕರೆದರು. ಗಾಡಿ ಅಶಕ್ತರದಲ್ಲ, ಅವರಿಗೆ ಹೊಂದಿಸಿದ್ದು. ಎಷ್ಟು ಚೆನ್ನಾದ ಮಾತು! ಚಕ್ರ ಹಾಕಿಸಿದ 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ಬರೆಸಬೇಕು. ಲೈಸೆನ್ಸನ್ನೂ ಆ ವರ್ಗದ ಗಾಡಿಗೇ ಮಾಡಿಸಬೇಕು. ಅಂಗವಿಕಲತೆಯ ಗುರುತಿನ ಚೀಟಿ ಜೊತೆಗಿರಲಿ. ಕಿಟ್ಟಿಗೆ ಪುಣೆಯ ಎ.ಆರ್.ಎ.ಐ.ಯಂಥ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪತ್ರ ಉಂಟೇ ಎಂದು ಮಾರುವವರನ್ನು ಕೇಳಿ. ಇನ್ಷೂರೆನ್ಸಿನವರಿಗೆ ತಿಳಿಸಿ, ರಿಯಾಯಿತಿಯನ್ನೂ ವಿಚಾರಿಸಿ. ಇನ್ನು ಕೊಳ್ಳುವ ಶಕ್ತಿಯೇ ಇಲ್ಲದವರು ಕೈಕಟ್ಟಿ ಕೂರಬೇಕಿಲ್ಲ. ಕರ್ನಾಟಕದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ಯಂತ್ರಚಾಲಿತ ವಾಹನ ಕೊಡುವ ಯೋಜನೆ ಇದೆ. ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿಯ ವಿಚಾರ ಅವರನ್ನೇ ಕೇಳಿ. ಆ ಗಾಡಿ ಬಂದಾಗಲೂ ನಾನು ಹೇಳಿದ ಹಲಗೆಯ ಪರೀಕ್ಷೆ ಮರೆಯದಿರಿ. ಬಿಟ್ಟಿ ಬಂದದ್ದೆಂದು ಹದ ಮಾಡಿಸದೆ ಓಡಿಸುವುದು ಬೇಡ.

ಈಗ ನಾದಿನಿ ಬೇಕೆಂದಾಗ ಹೋಗುತ್ತಾಳೆ, ಕೆಲಸ ಮುಗಿದಾಗ ಬರುತ್ತಾಳೆ. ಹಬ್ಬದ ಮೊದಲೇ ರವಿಕೆಗಳು ಅವರವರ ಮನೆ ಸೇರುತ್ತವೆ. ಸಂಘದ ಸಾಲ ಮುಕ್ಕಾಲು ಪಾಲು ತೀರಿತು. ಮನೆಯಲ್ಲಿ ಮಾತ್ರ ಒಂದು ಹೊಸ ಕಸಿವಿಸಿ ಶುರುವಾಯಿತು. "ಹೇಳದೆ ಕೇಳದೆ ಹೊರಟುಬಿಡ್ತಾಳೆ" ಎಂದು ನಮ್ಮತ್ತೆಯವರ ರಾಗ. ಯಜಮಾನರು ಸಂಜೆಯಾದರೆ ಗೇಟಿನ ಹತ್ತಿರ ಓಡಾಡುತ್ತಾರೆ. ಮಳೆ ಮೋಡ ಕಂಡರೆ ಫೋನು ಮಾಡುತ್ತಾರೆ. ಅವಳು ಬೇಡವೆಂದರೂ ಹಿಂದೆ ಬೈಕಿನಲ್ಲಿ ಹೋಗುತ್ತಾರೆ. ಇಪ್ಪತ್ತು ವರ್ಷ ಬಿಟ್ಟು ಬಂದವರಿಗೆ ಬಿಟ್ಟಿರುವುದು ಸುಲಭವೇ? ಅದು ಪ್ರೀತಿಯೇ, ನನಗೆ ಗೊತ್ತು. ಆದರೆ ಒಂದು ದಿನ ನಾನು ಹೇಳಿದೆ: "ರೀ, ಆ ಮೇಸ್ತ್ರಿ ಹೇಳಿದ್ದು ನೆನಪಿದೆಯಾ? ಪಕ್ಕದ ಚಕ್ರ ಭಾರವೆಲ್ಲ ತಾನೇ ಹೊತ್ಕೊಂಡ್ರೆ ಗಾಡಿ ಮುಂದಕ್ಕೆ ಹೋಗಲ್ಲ." ಅವರು ಏನೂ ಅನ್ನಲಿಲ್ಲ. ಆದರೆ ಮಾರನೆಯ ದಿನದಿಂದ ಬೈಕು ತೆಗೆಯಲಿಲ್ಲ.

ನಿಮ್ಮ ಮನೆಯಲ್ಲೂ ಅಂಥ ಗಾಡಿ ಬಂದಿದ್ದರೆ ಮೊದಲ ತಿಂಗಳು ವಾರಕ್ಕೊಮ್ಮೆ ಕಿಟ್ಟಿನ ನಟ್ಟುಗಳನ್ನೆಲ್ಲ ಬಿಗಿ ಮಾಡಿಸಿ, ಹೊಸ ಕಬ್ಬಿಣ ಅಲುಗಿ ಸಡಿಲವಾಗುತ್ತದೆ. ವೆಲ್ಡಿಂಗ್ ಮಾಡಿದ ಕಡೆ ಬಿರುಕು ಬಿಟ್ಟಿದೆಯೇ ನೋಡಿ. ಕೆಸರು ಒಣಗುವ ಮೊದಲೇ ಚಕ್ರಕ್ಕೆ ನೀರು ಹುಯ್ಯಿರಿ. ಮೊಬೈಲು ಚಾರ್ಜಾಗಿದೆಯೇ ಎಂದು ಒಂದು ಮಾತು ಕೇಳಿ ಕಳಿಸಿ. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಎಂದು ಮಾತ್ರ ದಿನಾ ಕೇಳಬೇಡಿ.